ಗರ್ಭಾವಸ್ಥೆ, ಹಸುಗೂಸು ಮತ್ತು ನಿಸ್ತಂತು ಸಾಧನಗಳು

ಮೊಬೈಲ್ ಫೋನ್, ವೈ-ಫೈ ರೂಟರ್, ಬ್ಲೂಟೂತ್ ಇಯರ್‌ಫೋನ್, ಟ್ಯಾಬ್, ತೊಟ್ಟಿಲ ಪಕ್ಕ ಇಡುವ ಬೇಬಿ ಮಾನಿಟರ್ ಮೊದಲಾದ ಸಾಧನಗಳು ತಂತಿಯ ಹಂಗಿಲ್ಲದೆ ಮಾತನ್ನೂ ಚಿತ್ರವನ್ನೂ ಸಾಗಿಸುವುದು ರೇಡಿಯೊ ತರಂಗಗಳ ಮೂಲಕ. ಈ ತರಂಗಗಳು ಬಸುರಿಯ ಮೈಯನ್ನು ಹಾದು ಗರ್ಭದಲ್ಲಿರುವ ಶಿಶುವನ್ನು ತಲುಪುತ್ತವೆಯೇ, ತಲುಪಿದರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆ, ಕಡಿಮೆ ತೂಕ, ಮುಂದೆ ಮಗುವಿನ ವರ್ತನೆಯಲ್ಲಿ ಏರುಪೇರು ಮುಂತಾದವಕ್ಕೆ ಕಾರಣವಾಗುತ್ತವೆಯೇ ಎಂಬ ಪ್ರಶ್ನೆಯನ್ನು ಹಲವು ದೇಶಗಳಲ್ಲಿ ಅಧ್ಯಯನ ಮಾಡಲಾಗಿದೆ. ನಿಗದಿತ ಮಿತಿಯೊಳಗಿನ ಬಳಕೆಯಿಂದ ಗರ್ಭಕ್ಕಾಗಲೀ ಕೂಸಿಗಾಗಲೀ ಹಾನಿಯಾಗುತ್ತದೆಂದು ಇದುವರೆಗೆ ಸಾಬೀತಾಗಿಲ್ಲ. ಹಾನಿ ಇಲ್ಲವೇ ಇಲ್ಲ ಎಂದು ಕೊನೆಯ ಷರಾ ಬರೆಯುವಷ್ಟು ಗಟ್ಟಿಯಾದ ಪುರಾವೆಯೂ ಎಲ್ಲ ಅಂಶಗಳಲ್ಲಿ ಸಿಕ್ಕಿಲ್ಲ. ಈ ಎರಡು ಮಾತುಗಳ ನಡುವೆ ಉಳಿದ ಜಾಗದಲ್ಲಿ ಭಯ ಬೆಳೆದಿದೆ. ಆ ಭಯವನ್ನೇ ಬಂಡವಾಳ ಮಾಡಿಕೊಂಡ ವ್ಯಾಪಾರವೂ ಬೆಳೆದಿದೆ.

ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಆ ದಿನ ಯಾವುದೇ ತಾಲ್ಲೂಕು ಆಸ್ಪತ್ರೆಯ ಮೊಗಸಾಲೆಯಲ್ಲಿ ಅರ್ಧ ಗಂಟೆ ಕೂತರೆ ಈ ವಿಷಯದ ಎರಡೂ ಮುಖ ಕಾಣುತ್ತವೆ. ಏಳು ತಿಂಗಳ ಬಸುರಿ ಒಂದು ಕೈಯಲ್ಲಿ ತಾಯಿ ಕಾರ್ಡ್ ಹಿಡಿದು, ಇನ್ನೊಂದು ಕೈಯಲ್ಲಿರುವ ಫೋನನ್ನು ಹೊಟ್ಟೆಯ ಮೇಲೆ ಆನಿಸಿಕೊಂಡು ವಿಡಿಯೊ ನೋಡುತ್ತಿರುತ್ತಾಳೆ. ಪಕ್ಕದಲ್ಲಿ ಕೂತ ಅತ್ತೆ, "ಅದನ್ನ ಆಚೆ ಇಡಮ್ಮ, ಮಗೂಗೆ ಆಗಿಬರಲ್ಲ" ಅನ್ನುತ್ತಾರೆ. ಸೊಸೆ ಫೋನನ್ನು ಬ್ಯಾಗಿಗೆ ಹಾಕಿ, ಬ್ಯಾಗನ್ನು ಮತ್ತೆ ತೊಡೆಯ ಮೇಲೇ ಇಟ್ಟುಕೊಳ್ಳುತ್ತಾಳೆ. ಅತ್ತೆಯ ಎಚ್ಚರಿಕೆ ತಪ್ಪಲ್ಲ. ಆದರೆ ಯಾವುದಕ್ಕೆ ಎಷ್ಟು ಹೆದರಬೇಕು ಎಂಬುದನ್ನು ಇಬ್ಬರಿಗೂ ಬಿಡಿಸಿ ಹೇಳಿದವರು ಕಡಿಮೆ.

ತರಂಗಗಳ ಸ್ವಭಾವ

'ವಿಕಿರಣ' ಎಂಬ ಒಂದೇ ಪದವನ್ನು ನಾವು ಎಕ್ಸ್-ರೇಗೂ ಮೊಬೈಲಿಗೂ ಬಳಸುವುದರಿಂದ ಅರ್ಧದಷ್ಟು ಗೊಂದಲ ಹುಟ್ಟಿದೆ. ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಹಾಕಿ ವಂಶವಾಹಿಯನ್ನು ಘಾಸಿಗೊಳಿಸಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಎಕ್ಸ್-ರೇಯ ಒಂದೊಂದು ಕಣದಲ್ಲೂ ಅದರ ಸಾವಿರಾರು ಪಟ್ಟು ಶಕ್ತಿ ಇರುತ್ತದೆ. 1 ಗಿಗಾಹರ್ಟ್ಸ್ ಆವರ್ತನದ ಮೊಬೈಲ್ ತರಂಗದ ಕಣದಲ್ಲಿರುವುದು ಒಂದು ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷದ ನಾಲ್ಕು ಭಾಗದಷ್ಟು, ಅಂದರೆ ಬೇಕಾದುದಕ್ಕಿಂತ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಟ್ಟು ಕಡಿಮೆ. ಇಂಥ ಕಣಗಳು ಎಷ್ಟೇ ಬಂದರೂ ಎಕ್ಸ್-ರೇ ಮಾಡುವ ಕೆಲಸವನ್ನು ಮಾಡಲಾರವು. ಬಸುರಿನ ಸ್ಕ್ಯಾನಿಂಗಿನಲ್ಲಿ ಬಳಸುವುದಂತೂ ಶಬ್ದದ ಅಲೆ. ಅದಕ್ಕೂ ಈ ಎರಡಕ್ಕೂ ಸಂಬಂಧವಿಲ್ಲ.

ರೇಡಿಯೊ ತರಂಗಗಳಿಂದ ಖಚಿತವಾಗಿ ಆಗುವ ಪರಿಣಾಮವೆಂದರೆ ಬಿಸಿ. ದೇಹದ ಒಂದು ಕಿಲೊಗ್ರಾಂ ಭಾಗ ಎಷ್ಟು ವ್ಯಾಟ್ ಶಕ್ತಿಯನ್ನು ಹೀರಿಕೊಳ್ಳುತ್ತದೆ ಎಂಬುದೇ 'ಎಸ್‌ಎಆರ್' ಅಳತೆ. ಇಡೀ ದೇಹ ಕಿಲೊಗ್ರಾಮಿಗೆ 4 ವ್ಯಾಟಿನಂತೆ ಹೀರಿಕೊಂಡರೆ ಒಳಗಿನ ತಾಪ ಸುಮಾರು 1 ಡಿಗ್ರಿ ಏರುತ್ತದೆ. ಗರ್ಭದ ಮಟ್ಟಿಗೆ ಇದು ಹಗುರವಾಗಿ ತೆಗೆದುಕೊಳ್ಳುವ ಸಂಗತಿಯಲ್ಲ. ಶಿಶುವಿನ ಮೈ ಮೊದಲೇ ತಾಯಿಯ ಮೈಗಿಂತ ಸುಮಾರು ಅರ್ಧ ಡಿಗ್ರಿ ಬಿಸಿ ಇರುತ್ತದೆ. ಬಸುರಿನ ಮೊದಲ ವಾರಗಳಲ್ಲಿ ತಾಯಿಗೆ ಬರುವ ತೀವ್ರ ಜ್ವರದಿಂದ ಮಗುವಿನ ಬೆನ್ನುಹುರಿಯ ಬೆಳವಣಿಗೆಗೆ ಅಪಾಯವಿದೆ ಎಂಬುದು ವೈದ್ಯರಿಗೆ ಗೊತ್ತಿರುವ ವಿಚಾರ. ಇಂಥ ಬಿಸಿಯೇರಿಕೆ ತಪ್ಪಿಸಲೆಂದು ಅಂತರರಾಷ್ಟ್ರೀಯ ಅಯಾನೀಕರಿಸದ ವಿಕಿರಣ ರಕ್ಷಣಾ ಆಯೋಗವು ಸಾರ್ವಜನಿಕರ ಮಿತಿಯನ್ನು ಆ 4 ವ್ಯಾಟಿನ ಐವತ್ತನೇ ಒಂದು ಭಾಗಕ್ಕೆ, ಅಂದರೆ 0.08 ವ್ಯಾಟಿಗೆ ಇಳಿಸಿತು. ಟವರ್, ಪ್ರಸಾರ ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ಹೆಚ್ಚಿನ ಮಿತಿ ಇದ್ದರೂ, ಆ ಕೆಲಸದಲ್ಲಿರುವ ಹೆಣ್ಣು ಗರ್ಭಿಣಿಯಾದರೆ ಅವಳಿಗೆ ಸಾರ್ವಜನಿಕರ ಕಡಿಮೆ ಮಿತಿಯೇ ಅನ್ವಯವಾಗಬೇಕೆಂದು 2020ರ ಮಾರ್ಗಸೂಚಿ ಹೇಳುತ್ತದೆ.

ಯಾವ ಸಾಧನ ಎಷ್ಟು ಸೂಸುತ್ತದೆ ಎಂಬುದರಲ್ಲಿ ಅಜಗಜಾಂತರವಿದೆ. ಹಳೆಯ 2ಜಿ ಫೋನು ಗರಿಷ್ಠ 2 ವ್ಯಾಟ್ ತನಕ ಹೋಗುತ್ತಿತ್ತು. 4ಜಿ ಫೋನಿನ ಸಾಮಾನ್ಯ ಗರಿಷ್ಠ ಮಟ್ಟ ಸುಮಾರು 0.2 ವ್ಯಾಟ್. ಮನೆಯ ವೈ-ಫೈ ರೂಟರಿನದು 0.1 ವ್ಯಾಟಿನ ಆಸುಪಾಸು. ಬ್ಲೂಟೂತ್ ಇಯರ್‌ಫೋನಿನದು ಕೆಲವೇ ಮಿಲಿವ್ಯಾಟ್. ದೂರ ಇಮ್ಮಡಿಯಾದರೆ ತೀವ್ರತೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಕೋಣೆಯ ಮೂಲೆಯ ರೂಟರಿಗಿಂತ, ಬೀದಿಯಾಚೆಯ ಟವರಿಗಿಂತ, ಮೈಗೆ ತಾಗಿಸಿ ಹಿಡಿದ ಫೋನಿನ ಪಾಲೇ ಬಹುತೇಕ ಜನರಿಗೆ ಹೆಚ್ಚು.

ಇನ್ನೊಂದು ಸಂಗತಿಯನ್ನು ನಮ್ಮ ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕು. ಟವರ್ ಹತ್ತಿರವಿದ್ದು ಸಿಗ್ನಲ್ ಚೆನ್ನಾಗಿದ್ದರೆ ಫೋನು ಮೆಲುದನಿಯಲ್ಲಿ ಮಾತಾಡಿ ಸುಮ್ಮನಾಗುತ್ತದೆ. ಕಾಡಿನ ನಡುವಿನ ಒಂಟಿಮನೆಯಲ್ಲಿ ಒಂದೇ ಕಡ್ಡಿ ನೆಟ್‌ವರ್ಕ್ ಇದ್ದಾಗ ಅದೇ ಫೋನು ದೂರದ ಟವರನ್ನು ಮುಟ್ಟಲು ತನ್ನ ಪೂರ್ತಿ ಬಲ ಹಾಕುತ್ತದೆ. ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಊರಿಗೆ ಟವರೇ ಬೇಡವೆಂದು ಹೋರಾಡಿ ಗೆದ್ದವರು, ತಮ್ಮ ಕಿವಿಯ ಹತ್ತಿರದ ಫೋನಿನಿಂದ ಹೆಚ್ಚು ತರಂಗ ಪಡೆಯುವಂತಾಗುವುದು ಹೀಗೆ.

ಹೊಟ್ಟೆಯ ಚರ್ಮ, ಕೊಬ್ಬು, ಸ್ನಾಯು, ಗರ್ಭಕೋಶದ ಗೋಡೆ, ಅದರೊಳಗಿನ ನೀರು ಇವೆಲ್ಲ ದಾರಿಯಲ್ಲೇ ತರಂಗಗಳನ್ನು ಹೀರಿಕೊಳ್ಳುತ್ತವೆ. 2.4 ಗಿಗಾಹರ್ಟ್ಸಿನ ವೈ-ಫೈ ತರಂಗ ಸ್ನಾಯುವಿನಲ್ಲಿ ಎರಡು ಸೆಂಟಿಮೀಟರ್ ಸಾಗುವಷ್ಟರಲ್ಲಿ ಬಹುಪಾಲು ಸೊರಗುತ್ತದೆ. ಹೊಟ್ಟೆಯ ಗೋಡೆ ತೆಳುವಾಗುವ ಕೊನೆಯ ತಿಂಗಳುಗಳಲ್ಲಿ ಶಿಶುವಿಗೆ ತಲುಪುವ ಅಂಶ ಸ್ವಲ್ಪ ಹೆಚ್ಚಿರಬಹುದು.

ಹಳೆಯ ಎರಡು ಪಾಠಗಳು

ಬಸುರಿ ಮತ್ತು ವಿಕಿರಣ ಎಂದಾಗ ಜಗತ್ತು ಬೆಚ್ಚುವುದಕ್ಕೆ ಒಂದು ನಿಜವಾದ ಕಾರಣವಿದೆ. 1950ರ ದಶಕದಲ್ಲಿ ಆಕ್ಸ್‌ಫರ್ಡಿನ ವೈದ್ಯೆ ಆಲಿಸ್ ಸ್ಟೂವರ್ಟ್, ಕ್ಯಾನ್ಸರಿನಿಂದ ಸತ್ತ ಮಕ್ಕಳ ತಾಯಂದಿರನ್ನು ಮಾತಾಡಿಸಿ, ಬಸುರಿನಲ್ಲಿ ಹೊಟ್ಟೆಯ ಎಕ್ಸ್-ರೇ ತೆಗೆಸಿಕೊಂಡವರ ಮಕ್ಕಳಲ್ಲಿ ಕ್ಯಾನ್ಸರ್ ಸುಮಾರು ಎರಡು ಪಟ್ಟು ಎಂದು ತೋರಿಸಿದರು. 1956 ಮತ್ತು 1958ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ವೈದ್ಯಲೋಕ ಒಪ್ಪಲಿಲ್ಲ. ವರ್ಷಗಳ ನಂತರ ಒಪ್ಪಿತು. ಗರ್ಭಿಣಿಯರಿಗೆ ಎಕ್ಸ್-ರೇ ತೆಗೆಯುವ ರೂಢಿ ನಿಂತಿತು. ತಾಯಂದಿರ ಅನುಮಾನವನ್ನು ತಳ್ಳಿಹಾಕಬಾರದು ಎಂಬುದಕ್ಕೆ ಆಲಿಸ್ ಸ್ಟೂವರ್ಟ್ ಇಂದಿಗೂ ಸಾಕ್ಷಿ.

ಇನ್ನೊಂದು ಪಾಠ ಇದಕ್ಕೆ ಎದುರಾದದ್ದು. 1980ರ ಹೊತ್ತಿಗೆ ಕಚೇರಿಗಳಿಗೆ ಕಂಪ್ಯೂಟರ್ ಪರದೆಗಳು ಬಂದಾಗ, ಅವುಗಳ ಮುಂದೆ ಕೂತ ಹೆಂಗಸರಲ್ಲಿ ಗರ್ಭಪಾತ ಹೆಚ್ಚು ಎಂಬ ಸುದ್ದಿ ಕೆನಡಾ, ಅಮೆರಿಕಗಳಲ್ಲಿ ಹಬ್ಬಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಟೆಲಿಫೋನ್ ಆಪರೇಟರುಗಳನ್ನು ಹೋಲಿಸಿ ನೋಡಿತು: ಒಂದೇ ಬಗೆಯ ಕೆಲಸ, ಕೆಲವರಿಗೆ ಪರದೆ ಇತ್ತು, ಕೆಲವರಿಗೆ ಇರಲಿಲ್ಲ. 730 ಹೆಂಗಸರ 876 ಬಸುರುಗಳನ್ನು ಪರಿಶೀಲಿಸಿ 1991ರಲ್ಲಿ ಬಂದ ವರದಿಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮೊಬೈಲ್ ಈ ಎರಡು ಕತೆಗಳಲ್ಲಿ ಯಾವುದರ ಸಾಲಿಗೆ ಸೇರುತ್ತದೆ ಎಂಬುದನ್ನು ಜನರ ಮೇಲಿನ ಅಧ್ಯಯನಗಳೇ ಹೇಳಬೇಕು.

ತಾಯಿ-ಮಕ್ಕಳ ಅಧ್ಯಯನಗಳು

ಆತಂಕಕ್ಕೆ ಮೂಲವಾದದ್ದು ಡೆನ್ಮಾರ್ಕಿನ 2008ರ ವರದಿ. 1996ರಿಂದ 2002ರ ನಡುವೆ ದಾಖಲಾದ ಗರ್ಭಿಣಿಯರ ಮಕ್ಕಳಲ್ಲಿ ಏಳು ವರ್ಷ ತುಂಬಿದ 13,159 ಮಕ್ಕಳನ್ನು ಪರಿಶೀಲಿಸಿದಾಗ, ಗರ್ಭದಲ್ಲಿದ್ದಾಗಲೂ ಹುಟ್ಟಿದ ಮೇಲೂ ಮೊಬೈಲಿನ ಸಂಪರ್ಕಕ್ಕೆ ಬಂದವರಲ್ಲಿ ವರ್ತನೆಯ ತೊಂದರೆಗಳ ಸಾಧ್ಯತೆ ಶೇಕಡಾ 80ರಷ್ಟು ಹೆಚ್ಚು ಕಂಡಿತು. ಅದೇ ತಂಡ ಮತ್ತೆ 28,745 ಮಕ್ಕಳನ್ನು ನೋಡಿದಾಗ ಅದು ಶೇಕಡಾ 50ಕ್ಕೆ ಇಳಿಯಿತು. ಪತ್ರಿಕೆಗಳು ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದವು. ಇದು ತರಂಗದಿಂದಲೇ ಆದದ್ದು ಎಂದು ಹೇಳಲಾಗದು ಎಂಬ ಸಂಶೋಧಕರ ಎಚ್ಚರಿಕೆ ಹಿಂದೆ ಉಳಿಯಿತು.

ಆ ಎಚ್ಚರಿಕೆಗೆ ಕಾರಣವಿದೆ. ಬಸುರಿನಲ್ಲಿ ಫೋನ್ ಎಷ್ಟು ಬಳಸುತ್ತಿದ್ದಿರಿ ಎಂದು ತಾಯಿಯನ್ನು ಕೇಳಿದ್ದು ಮಗುವಿಗೆ ಏಳು ವರ್ಷವಾದ ಮೇಲೆ. ಅಷ್ಟು ವರ್ಷದ ಹಿಂದೆ ದಿನಕ್ಕೆ ಎಷ್ಟು ಕರೆ ಮಾಡುತ್ತಿದ್ದೆ ಎಂದು ಯಾರಿಗೆ ನೆನಪಿರುತ್ತದೆ? ಮಗು ತುಂಟನಾಗಿದ್ದರೆ ತಾಯಿ ತನ್ನ ತಪ್ಪನ್ನು ಹುಡುಕುತ್ತಲೇ ನೆನಪಿಸಿಕೊಳ್ಳುತ್ತಾಳೆ. ಆ ಕಾಲದಲ್ಲಿ ಹೆಚ್ಚು ಫೋನ್ ಬಳಸುತ್ತಿದ್ದವರ ಮನೆಯ ಸ್ಥಿತಿ, ಧೂಮಪಾನ, ಕೆಲಸದ ಒತ್ತಡ, ಮಗುವಿಗೆ ಕೊಡುತ್ತಿದ್ದ ಸಮಯ ಎಲ್ಲವೂ ಬೇರೆ ಇದ್ದಿರಬಹುದು. ಇದೇ ಡೆನ್ಮಾರ್ಕಿನ ಮಕ್ಕಳಲ್ಲಿ 6 ಮತ್ತು 18 ತಿಂಗಳ ಬೆಳವಣಿಗೆಯನ್ನು ನೋಡಿದಾಗ ಫೋನಿಗೂ ಅದಕ್ಕೂ ಸಂಬಂಧ ಸಿಗಲಿಲ್ಲ. ಆಮ್‌ಸ್ಟರ್‌ಡ್ಯಾಮಿನ 2,618 ಮಕ್ಕಳ ಅಧ್ಯಯನದಲ್ಲೂ (2013) ಐದನೇ ವಯಸ್ಸಿನ ವರ್ತನೆಯಲ್ಲಿ ಸಂಬಂಧ ಕಾಣಲಿಲ್ಲ.

ನಾರ್ವೆಯ ಅಧ್ಯಯನ ಇನ್ನೂ ಕುತೂಹಲಕರ. ಅಲ್ಲಿ ತಾಯಂದಿರನ್ನು ಬಸುರಿನಲ್ಲೇ ಕೇಳಿ ಬರೆದುಕೊಂಡಿದ್ದರು. 45,389 ತಾಯಿ-ಮಕ್ಕಳ ವಿವರ 2017ರಲ್ಲಿ ಪ್ರಕಟವಾಯಿತು. ಫೋನ್ ಬಳಸುತ್ತಿದ್ದ ತಾಯಂದಿರ ಮಕ್ಕಳಲ್ಲಿ, ಮೂರನೇ ವಯಸ್ಸಿಗೆ ವಾಕ್ಯ ಕಟ್ಟುವುದರಲ್ಲಿ ಹಿಂದುಳಿಯುವ ಸಾಧ್ಯತೆ ಶೇಕಡಾ 27ರಷ್ಟು ಕಡಿಮೆ ಇತ್ತು! ರೇಡಿಯೊ ತರಂಗ ಮಗುವಿಗೆ ಮಾತು ಕಲಿಸಿತೆಂದು ಯಾರೂ ವಾದಿಸುವುದಿಲ್ಲ. ಫೋನಿನಲ್ಲಿ ಹೆಚ್ಚು ಮಾತಾಡುವ ತಾಯಿ ಮಗುವಿನ ಜೊತೆಗೂ ಹೆಚ್ಚು ಮಾತಾಡುತ್ತಾಳೆ ಎಂಬುದು ಸರಳ ವಿವರಣೆ. ಲಾಭದ ಫಲಿತಾಂಶ ಬಂದಾಗ ಇಷ್ಟು ಸಲೀಸಾಗಿ ಒಪ್ಪುವ ವಿವರಣೆಯನ್ನು ನಷ್ಟದ ಫಲಿತಾಂಶ ಬಂದಾಗಲೂ ಪರಿಗಣಿಸುವುದು ನ್ಯಾಯ ಎಂಬುದು ಈ ಲೇಖಕನ ಅಭಿಪ್ರಾಯ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕಲಾಗದು. ಡೆನ್ಮಾರ್ಕ್, ನೆದರ್ಲ್ಯಾಂಡ್ಸ್, ನಾರ್ವೆ, ಸ್ಪೇನ್, ದಕ್ಷಿಣ ಕೊರಿಯಾಗಳ 83,884 ತಾಯಿ-ಮಕ್ಕಳ ವಿವರವನ್ನು ಒಟ್ಟುಗೂಡಿಸಿದ 2017ರ ವರದಿಯಲ್ಲಿ, ಬಸುರಿನಲ್ಲಿ ಹೆಚ್ಚು ಫೋನ್ ಬಳಸಿದವರ ಮಕ್ಕಳಲ್ಲಿ ಅತಿಚಟುವಟಿಕೆ ಮತ್ತು ಗಮನದ ಕೊರತೆ ಕೊಂಚ ಹೆಚ್ಚು ಕಂಡಿತು. ನಾಲ್ಕು ದೇಶಗಳ 55,507 ಬಸುರುಗಳ 2019ರ ಅಧ್ಯಯನದಲ್ಲಿ ಹೆಚ್ಚು ಬಳಸಿದವರಿಗೆ ಹೆರಿಗೆ ತುಸು ಬೇಗ ಆಗುವ ಒಲವು ಕಂಡಿತು. ಶಿಶುವಿನ ಬೆಳವಣಿಗೆಯಲ್ಲಿ ವ್ಯತ್ಯಾಸವಿರಲಿಲ್ಲ. ಇದು ತರಂಗದ ಕೆಲಸವೋ, ದಿನವಿಡೀ ಫೋನಿನಲ್ಲಿ ವ್ಯವಹರಿಸುವ ಹೆಣ್ಣಿನ ಒತ್ತಡದ್ದೋ ಎಂದು ಆ ಅಂಕಿಗಳಿಂದ ಬೇರ್ಪಡಿಸಲಾಗದು. ಕೊರಿಯಾದ ಸಂಶೋಧಕರು 1,198 ತಾಯಿ-ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ, 210 ಗರ್ಭಿಣಿಯರಿಗೆ ಅಳತೆಯ ಉಪಕರಣವನ್ನೇ ಕೊಟ್ಟು ನೋಡಿದರು. ತರಂಗಕ್ಕೂ ಬೆಳವಣಿಗೆಗೂ ನೇರ ಸಂಬಂಧ ಸಿಗಲಿಲ್ಲ. ತಾಯಿಯ ರಕ್ತದಲ್ಲಿ ಸೀಸದ ಅಂಶ ಹೆಚ್ಚಿದ್ದ ಕಡೆ ಮಾತ್ರ ಫೋನ್ ಬಳಕೆಯ ಜೊತೆ ಮಗುವಿನ ಬೆಳವಣಿಗೆ ಕುಂದಿದ ಸೂಚನೆ ಇತ್ತು.

ಟವರಿನ ಬಗ್ಗೆ ಬ್ರಿಟನ್ನಿನ 2010ರ ಅಧ್ಯಯನ ಮುಖ್ಯವಾದುದು. ಐದು ವರ್ಷದೊಳಗೆ ಕ್ಯಾನ್ಸರ್ ಬಂದ 1,397 ಮಕ್ಕಳನ್ನೂ ಆರೋಗ್ಯವಂತ 5,588 ಮಕ್ಕಳನ್ನೂ ಹೋಲಿಸಿ, ಅವರು ಹುಟ್ಟಿದಾಗ ತಾಯಂದಿರು ಟವರಿಗೆ ಎಷ್ಟು ಹತ್ತಿರವಿದ್ದರು ಎಂದು ಲೆಕ್ಕಹಾಕಿದರು. ಎರಡಕ್ಕೂ ನಂಟು ಸಿಗಲಿಲ್ಲ.

ಮೊಬೈಲಿನ ಚರ್ಚೆಯಲ್ಲಿ ಅಪರೂಪಕ್ಕೆ ಎತ್ತುವ ಒಂದು ಸಾಕ್ಷ್ಯ ಎಂಆರ್‌ಐ ಯಂತ್ರದ್ದು. ಅದೂ ರೇಡಿಯೊ ತರಂಗವನ್ನೇ ಬಳಸುತ್ತದೆ. ಸಾಮಾನ್ಯ ತಪಾಸಣೆಯಲ್ಲಿ ಇಡೀ ದೇಹಕ್ಕೆ ಕಿಲೊಗ್ರಾಮಿಗೆ 2 ವ್ಯಾಟ್ ತನಕ, ಅಂದರೆ ಸಾರ್ವಜನಿಕ ಮಿತಿಯ 25 ಪಟ್ಟು, ಅನುಮತಿ ಇದೆ. ಕೆನಡಾದ ಒಂಟಾರಿಯೊದಲ್ಲಿ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ಆದ 1,737 ಬಸುರುಗಳನ್ನು ಹದಿನಾಲ್ಕು ಲಕ್ಷ ಹೆರಿಗೆಗಳ ದಾಖಲೆಯೊಡನೆ ಹೋಲಿಸಿದ 2016ರ ಅಧ್ಯಯನದಲ್ಲಿ, ಎಂಆರ್‌ಐ ಒಂದರಿಂದಲೇ ಶಿಶುವಿಗೆ ಹಾನಿ ಹೆಚ್ಚಿದ್ದು ಕಂಡುಬರಲಿಲ್ಲ. ಎಂಆರ್‌ಐ ಕೆಲವು ನಿಮಿಷಗಳದ್ದು, ಫೋನು ಒಂಬತ್ತು ತಿಂಗಳಿನದು ಎಂಬ ವ್ಯತ್ಯಾಸವನ್ನು ಮರೆಯಬಾರದು.

2017ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಗರ್ಭಪಾತದ ವರದಿಯನ್ನು ಮೊಬೈಲಿನ ವಿರುದ್ಧ ಆಗಾಗ ಉದಾಹರಿಸುತ್ತಾರೆ. 913 ಗರ್ಭಿಣಿಯರಲ್ಲಿ, ಹೆಚ್ಚು ಕಾಂತಕ್ಷೇತ್ರಕ್ಕೆ ಒಳಗಾದವರಲ್ಲಿ ಶೇಕಡಾ 24.2, ಕಡಿಮೆ ಒಳಗಾದವರಲ್ಲಿ ಶೇಕಡಾ 10.4 ಗರ್ಭಪಾತ ಕಂಡಿತ್ತು. ಅವರು ಅಳೆದದ್ದು ವಿದ್ಯುತ್ ತಂತಿ, ಮೋಟಾರು, ಮನೆಯ ಉಪಕರಣಗಳಿಂದ ಬರುವಂಥ ಕೆಳ ಆವರ್ತನದ ಕಾಂತಕ್ಷೇತ್ರವನ್ನು. ಮೊಬೈಲಿನ ರೇಡಿಯೊ ತರಂಗವನ್ನು ಆ ಉಪಕರಣ ಅಳೆಯುವುದೇ ಇಲ್ಲ.

ಪ್ರಾಣಿಗಳ ಮೇಲೆ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ 2012ರ ಪ್ರಯೋಗ ಹೆಸರುವಾಸಿ. ಗಬ್ಬದ ಇಲಿಗಳ ಗೂಡಿನ ಮೇಲೆ ಕರೆಯಲ್ಲಿರುವ ಫೋನ್ ಇಟ್ಟರು. ಹುಟ್ಟಿದ ಮರಿಗಳು ಚಡಪಡಿಸುವಂತಾದವು, ಅವುಗಳ ನೆನಪು ಕುಂದಿತು. ಮೂರು ಸೆಂಟಿಮೀಟರಿನಷ್ಟೂ ದಪ್ಪವಿಲ್ಲದ ಇಲಿಯ ಮೈಯನ್ನು ತರಂಗ ಆರಪಾರು ಹಾಯುತ್ತದೆ, ಮನುಷ್ಯರ ಗರ್ಭ ಹಾಗಲ್ಲ. 2023ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಾಮರ್ಶೆಗಳು ಪ್ರಾಣಿಗಳಲ್ಲಿ ಮರಿಗಳ ಸಂಖ್ಯೆ ಕಡಿಮೆಯಾಗುವುದಿಲ್ಲ, ಮೈ ಬಿಸಿಯೇರುವಷ್ಟು ಹೆಚ್ಚು ಪ್ರಮಾಣದಲ್ಲಿ ಮರಿಯ ತೂಕ ತುಸು ಇಳಿಯಬಹುದು ಎನ್ನುತ್ತವೆ. ಮನುಷ್ಯರ ವಿಷಯದಲ್ಲಿ ಹಾನಿ ಕಂಡಿಲ್ಲ, ಆದರೆ ಅಧ್ಯಯನಗಳ ಗುಣಮಟ್ಟ ದುರ್ಬಲ ಎಂದು ಅವು ಒಪ್ಪಿಕೊಳ್ಳುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಈ ತರಂಗಗಳನ್ನು '2ಬಿ', ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು ಎಂಬ ವರ್ಗಕ್ಕೆ ಸೇರಿಸಿದ್ದು ದೊಡ್ಡವರ ಮೆದುಳಿನ ಗೆಡ್ಡೆಗಳ ಆಧಾರದ ಮೇಲೆ. ಗರ್ಭದ ಕುರಿತು ಅಲ್ಲ.

ನಿಯಮ ಮತ್ತು ವ್ಯಾಪಾರ

ಭಾರತದ ನಿಯಮ ಹಲವು ದೇಶಗಳಿಗಿಂತ ಬಿಗಿಯಾಗಿದೆ. 2012ರ ಸೆಪ್ಟೆಂಬರ್ 1ರಿಂದ ಫೋನಿನ ಎಸ್‌ಎಆರ್ ಮಿತಿ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೊಗ್ರಾಮಿಗೆ 1.6 ವ್ಯಾಟ್. ಅದೇ ದಿನದಿಂದ ಟವರ್‌ಗಳ ಮಿತಿಯನ್ನು ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. 900 ಮೆಗಾಹರ್ಟ್ಸಿನಲ್ಲಿ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ಆಯಿತು. ನಿಮ್ಮ ಫೋನಿನ ಎಸ್‌ಎಆರ್ ತಿಳಿಯಲು ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿದರೆ ಸಾಕು. 2017ರಲ್ಲಿ ಬಂದ 'ತರಂಗ ಸಂಚಾರ್' ಜಾಲತಾಣದಲ್ಲಿ ಸುತ್ತಲಿನ ಟವರ್‌ಗಳ ವಿವರವಿದೆ. ಶುಲ್ಕ ಕಟ್ಟಿದರೆ ಮನೆಯ ಹತ್ತಿರ ಬಂದು ಅಳತೆ ಮಾಡಿಕೊಡುತ್ತಾರೆ. ಫ್ರಾನ್ಸ್ 2015ರ ಕಾನೂನಿನಲ್ಲಿ ಮೂರು ವರ್ಷದೊಳಗಿನ ಮಕ್ಕಳ ಶಿಶುವಿಹಾರಗಳ ಕೋಣೆಗಳಲ್ಲಿ ವೈ-ಫೈ ನಿಷೇಧಿಸಿತು. ಫೋನನ್ನು ಗರ್ಭಿಣಿಯರ ಹೊಟ್ಟೆಯಿಂದ ದೂರವಿಡಿ ಎಂಬ ಸೂಚನೆಯನ್ನು ಸಾಧನದೊಂದಿಗೆ ಕೊಡಬೇಕೆಂದು 2019ರಲ್ಲಿ ಆದೇಶಿಸಿತು. ಹಾನಿ ಸಾಬೀತಾಯಿತೆಂದು ಹೀಗೆ ಮಾಡಿದ್ದಲ್ಲ. ಖರ್ಚಿಲ್ಲದ ಮುನ್ನೆಚ್ಚರಿಕೆಯನ್ನು ಬಿಡುವುದೇಕೆ ಎಂಬ ನಿಲುವು ಅದು. ಆ ನಿಲುವು ಸರಿಯಾದುದು.

ದುಡ್ಡು ಸುಲಿಯುವ ಮುನ್ನೆಚ್ಚರಿಕೆ ಬೇರೆ. ಚೀನಾದಲ್ಲಿ ಲೋಹದ ಎಳೆ ನೇಯ್ದ 'ವಿಕಿರಣ ತಡೆ' ಬಸುರಿ ಉಡುಪುಗಳು ವರ್ಷಗಟ್ಟಲೆ ಭರ್ಜರಿಯಾಗಿ ಮಾರಾಟವಾದವು. ಕೆಳಗೂ ಪಕ್ಕಕ್ಕೂ ತೆರೆದಿರುವ ಏಪ್ರನ್ ತರಂಗವನ್ನು ತಡೆಯುವುದಿಲ್ಲ. ಒಳಹೊಕ್ಕದ್ದು ಒಳಗೇ ಪುಟಿಯುವುದೂ ಉಂಟು. ನಮ್ಮಲ್ಲಿ ಫೋನಿನ ಹಿಂಬದಿಗೆ ಅಂಟಿಸುವ 'ವಿಕಿರಣ ತಡೆ' ಚಿಪ್‌ಗಳು ಮಾರಾಟವಾಗುತ್ತವೆ. ಅವು ಆಂಟೆನಾಗೆ ಅಡ್ಡವಾದರೆ ಫೋನು ಇನ್ನಷ್ಟು ಬಲ ಹಾಕಬೇಕಾಗುತ್ತದೆ. ಇವಕ್ಕೆ ಕೊಡುವ ದುಡ್ಡಿನಲ್ಲಿ ತಿಂಗಳ ಮೊಟ್ಟೆ, ಸೊಪ್ಪು, ಬೇಳೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಗರ್ಭಿಣಿಯರಲ್ಲಿ ಶೇಕಡಾ 52, ಕರ್ನಾಟಕದಲ್ಲಿ ಶೇಕಡಾ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಕಡಿಮೆ ತೂಕದ ಮಗು, ಅವಧಿಗೆ ಮುನ್ನ ಹೆರಿಗೆ, ಹೆರಿಗೆಯಲ್ಲಿ ಜೀವಕ್ಕೆ ಅಪಾಯ ಇವೆಲ್ಲಕ್ಕೂ ರಕ್ತಹೀನತೆಯ ನಂಟು ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ.

ಕೂಸು ಹುಟ್ಟಿದ ಮೇಲೆ

ಮಕ್ಕಳ ತಲೆಬುರುಡೆ ತೆಳು, ಎಲುಬಿನ ಮಜ್ಜೆಯಲ್ಲಿ ನೀರಿನಂಶ ಹೆಚ್ಚು. ಹೀಗಾಗಿ ಅದೇ ಫೋನನ್ನು ಕಿವಿಗೆ ಹಿಡಿದರೆ ಮಗುವಿನ ಮೆದುಳಿಗೆ ದೊಡ್ಡವರ ಎರಡು ಪಟ್ಟು, ಬುರುಡೆಯ ಮಜ್ಜೆಗೆ ಹತ್ತು ಪಟ್ಟಿನವರೆಗೆ ಶಕ್ತಿ ಸೇರಬಹುದೆಂದು ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿದೆ. ಹಾಲು ಕುಡಿಸುವಾಗ ಮಗುವಿನ ನೆತ್ತಿಯ ಪಕ್ಕ ಫೋನ್ ಹಿಡಿಯದಿರುವುದು, ಬೇಬಿ ಮಾನಿಟರ್ ಇದ್ದರೆ ತೊಟ್ಟಿಲಿನಿಂದ ಒಂದು ಮೀಟರ್ ಆಚೆ ಇಡುವುದು ಇದಕ್ಕೆ ಸಾಕಾಗುವ ಉಪಾಯ.

ಹಸುಗೂಸಿನ ಮಟ್ಟಿಗೆ ನಿಸ್ತಂತು ಸಾಧನದ ಪೆಟ್ಟು ಬೀಳುವುದು ಬೇರೆ ದಾರಿಯಿಂದ. ಬಾಣಂತಿ ಹಾಲೂಡುತ್ತಿದ್ದಾಳೆ. ಮಗು ಕುಡಿಯುವುದನ್ನು ನಿಲ್ಲಿಸಿ, ಕಣ್ಣೆತ್ತಿ, ಅವಳ ಗಲ್ಲದ ಕಡೆ ಕೈ ಚಾಚುತ್ತದೆ. ಅವಳ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ಸರಿಸುತ್ತಿದೆ. ಮಗು ಇನ್ನೊಮ್ಮೆ ದನಿ ಮಾಡುತ್ತದೆ, ಆಮೇಲೆ ಮತ್ತೆ ಹಾಲಿಗೆ ಬಾಯಿಡುತ್ತದೆ. ತಾಯಿಯ ಮುಖ ಕೆಲವೇ ನಿಮಿಷ ಭಾವವಿಲ್ಲದೆ ನಿಶ್ಚಲವಾದರೂ ಕೂಸು ಹೇಗೆ ಕಂಗೆಡುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಈಚಿನವರು ತಾಯಿಯ ಕೈಗೆ ಫೋನ್ ಕೊಟ್ಟು ಅದೇ ಪ್ರಯೋಗ ಮಾಡಿದಾಗಲೂ ಮಕ್ಕಳು ಹಾಗೆಯೇ ಕಂಗೆಟ್ಟವು. ಆರು ತಿಂಗಳು ದಾಟಿ ಅನ್ನ ಶುರುವಾದ ಮೇಲೆ ಹಾಡಿನ ವಿಡಿಯೊ ಹಾಕಿ ತುತ್ತು ತುರುಕುವ ರೂಢಿ ಹಳ್ಳಿ-ಪಟ್ಟಣ ಎನ್ನದೆ ಹಬ್ಬಿದೆ; ಹೊಟ್ಟೆ ತುಂಬಿತೋ ಇಲ್ಲವೋ ಎಂಬ ಅರಿವು ಮಗುವಿಗೇ ಆಗುವುದಿಲ್ಲ. ಮೊದಲ ವರ್ಷ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಎರಡು ವರ್ಷದವರೆಗೂ ಬೇಡ ಎನ್ನುತ್ತದೆ ಭಾರತೀಯ ಮಕ್ಕಳ ತಜ್ಞರ ಸಂಘ. ಈ ಸಲಹೆಗಳಿಗೆ ತರಂಗ ಕಾರಣವಲ್ಲ. ನಿದ್ದೆ, ಮಾತು, ಆಟ, ಮುಖಾಮುಖಿ ಒಡನಾಟ ಕಾರಣ. ತಪ್ಪನ್ನು ಬಾಣಂತಿಯೊಬ್ಬಳ ಮೇಲೆ ಹೊರಿಸುವುದೂ ಸಲ್ಲದು: ನಾಲ್ಕು ಗೋಡೆಯ ನಡುವೆ ರಾತ್ರಿಯಿಡೀ ಒಬ್ಬಳೇ ಎಚ್ಚರವಿರುವವಳಿಗೆ ಆ ಫೋನೇ ಜೊತೆ. ಮಗುವನ್ನು ಒಂದು ಗಂಟೆ ಎತ್ತಿಕೊಳ್ಳುವವರು ಮನೆಯಲ್ಲಿದ್ದರೆ ಅವಳ ಫೋನ್ ತಾನಾಗಿ ಕೆಳಗಿಳಿಯುತ್ತದೆ.

ಬಸುರಿಗೆ ಹೇಳಬೇಕಾದದ್ದು ಇಷ್ಟು. ಫೋನನ್ನು ಹೊಟ್ಟೆಯ ಮೇಲೆ ಆನಿಸಬೇಡಿ, ಸೊಂಟಕ್ಕೆ ಸಿಕ್ಕಿಸಬೇಡಿ. ಉದ್ದದ ಮಾತಿಗೆ ಸ್ಪೀಕರ್ ಅಥವಾ ಇಯರ್‌ಫೋನ್ ಬಳಸಿ. ಸಿಗ್ನಲ್ ತೀರಾ ಕಡಿಮೆ ಇರುವಲ್ಲಿ ಕರೆಯನ್ನು ಚುಟುಕಾಗಿ ಮುಗಿಸಿ. ರಾತ್ರಿ ದಿಂಬಿನಿಂದ ಕೈಯಳತೆ ದೂರ ಇಟ್ಟು ಮಲಗಿ. ಫೋನನ್ನೇ ಬಿಡುವ ಅಗತ್ಯವಿಲ್ಲ. ಬಸುರಿನ ನಾಲ್ಕನೇ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದು ಆರೋಗ್ಯ ಸಂದೇಶ ಕಳಿಸುವ ಕೇಂದ್ರ ಸರ್ಕಾರದ 'ಕಿಲ್ಕಾರಿ' ಯೋಜನೆ ನಡೆಯುವುದೂ, ಆಶಾ ಕಾರ್ಯಕರ್ತೆ ವಿಚಾರಿಸುವುದೂ ಫೋನಿನಲ್ಲೇ. ಕರ್ನಾಟಕದಲ್ಲಿ 2008ರಿಂದ ಓಡುತ್ತಿರುವ 108 ಆಂಬುಲೆನ್ಸ್ ಬರುವುದೂ ಒಂದು ಕರೆಯಿಂದಲೇ. ತಿಂಗಳು ತುಂಬುತ್ತಾ ಬಂದಾಗ ಫೋನಿಗೆ ಪೂರ್ತಿ ಚಾರ್ಜ್ ಮಾಡಿ ರಾತ್ರಿ ಕೈಗೆಟುಕುವಲ್ಲಿ ಇಡಿ. ಮಗುವಿನ ಅಲುಗಾಟ ಕಡಿಮೆಯಾದರೆ, ರಕ್ತ ಕಂಡರೆ, ಕಣ್ಣು ಮಂಜಾಗಿ ತಲೆನೋವು ಬಂದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಕರೆ ಮಾಡಿ.